ಬಯಲಿನಲ್ಲಿರುವ ಸಾಕ್ಷ್ಯ

2022ನೆಯ ಇಸವಿಯ ಆಗಸ್ಟ್ 7ರಂದು ಕರ್ನಾಟಕ ವಿದ್ಯುತ್ ಪ್ರಸರಣ ನಿಗಮವು ಕಿರಿಯ ಸಹಾಯಕರ ಹುದ್ದೆಗಳಿಗಾಗಿ ನಡೆಸಿದ ಲಿಖಿತ ಪರೀಕ್ಷೆಯಲ್ಲಿ, ಗೋಕಾಕದ ಕೇಂದ್ರವೊಂದರೊಳಗೆ ಸ್ಮಾರ್ಟ್‌ವಾಚ್ ಬಳಸಿ ಅಕ್ರಮ ನಡೆಯಿತೆಂಬ ಆರೋಪವು ಹೊರಬಿದ್ದಿತು. ಆ ಒಂದು ಎಳೆಯನ್ನು ಹಿಡಿದು ಹೊರಟ ಬೆಳಗಾವಿ ಜಿಲ್ಲೆಯ ಪೊಲೀಸರು, ನಮ್ಮ ಮೂಡಲಗಿ, ಗೋಕಾಕ, ಹುಕ್ಕೇರಿಗಳ ಸೀಮೆಯಿಂದ ಮೊದಲ್ಗೊಂಡು ಗದಗಿನ ಪರೀಕ್ಷಾಕೇಂದ್ರದವರೆಗೆ ಹಬ್ಬಿತ್ತೆನ್ನಲಾದ ಜಾಲವನ್ನು ಬಿಡಿಸುತ್ತ ಹೋಗಿ ಹಲವು ಮಂದಿಯನ್ನು ಬಂಧಿಸಿದಾಗ, ಗಣಕಯಂತ್ರದ ಅಪರಾಧವೆಂಬುದು ಬೆಂಗಳೂರು ಮುಂಬಯಿಗಳಂಥ ಮಹಾನಗರಗಳ ವ್ಯಾಧಿಯೆಂದೂ, ಕಬ್ಬು ಗೋವಿನಜೋಳಗಳ ಈ ಸೀಮೆಗೆ ಅದರ ಗಾಳಿ ಸೋಕಲಾರದೆಂದೂ ತಿಳಿದಿದ್ದವರ ಸಮಾಧಾನವು ಕರಗಿಹೋಯಿತು.

ಇಂಥ ಪ್ರಕರಣಗಳಲ್ಲಿ ಯಾರು ಯಾರಿಗೆ ಯಾವ ಹೊತ್ತಿನಲ್ಲಿ ಕರೆ ಮಾಡಿದರು, ಯಾವ ಮೊಬೈಲು ಯಾವ ಗೋಪುರದ ಸೀಮೆಯೊಳಗಿತ್ತು, ಯಾವ ಖಾತೆಯಿಂದ ಯಾವ ಖಾತೆಗೆ ಹಣ ಹರಿಯಿತು ಎಂಬ ಸಂಗತಿಗಳು ದೂರವಾಣಿ ಸಂಸ್ಥೆಗಳ ಹಾಗೂ ಬ್ಯಾಂಕುಗಳ ಬೀಗದೊಳಗೆ ಇರತಕ್ಕವು. ಅವನ್ನು ತರಿಸಿ ನೋಡುವ ಅಧಿಕಾರವನ್ನು ಕಾನೂನು ನ್ಯಾಯಾಲಯಕ್ಕೂ ಠಾಣಾಧಿಕಾರಿಗೂ ಕೊಟ್ಟಿದೆ; ಹಿಂದೆ ದಂಡಪ್ರಕ್ರಿಯಾ ಸಂಹಿತೆಯ 91ನೆಯ ಕಲಮಿನಲ್ಲಿದ್ದ ಆ ಅಧಿಕಾರವು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೆಯ ಕಲಮಿನಲ್ಲಿ ನೆಲೆಗೊಂಡಿದೆ. ನಾನಾಗಲಿ, ಈ ಬರಹವನ್ನು ಓದುವ ನೀವಾಗಲಿ ಆ ಬೀಗವನ್ನು ಮುಟ್ಟುವಂತಿಲ್ಲ, ಮುಟ್ಟಲೂ ಬಾರದು. ಆದರೆ ಬೀಗವೇ ಇಲ್ಲದ, ಹಗಲಿನಷ್ಟು ಬಯಲಾಗಿ ಬಿದ್ದಿರುವ ಇನ್ನೊಂದು ಸಾಕ್ಷ್ಯರಾಶಿಯುಂಟು. ಪತ್ರಿಕೆಗಳು, ಸರ್ಕಾರದ ರಾಜ್ಯಪತ್ರ, ಹೊಲದ ಉತಾರ, ಕಂಪನಿಗಳ ನೋಂದಣಿ, ಅಂತರ್ಜಾಲದ ವಿಳಾಸಗಳ ದಾಖಲೆ, ಉಪಗ್ರಹಗಳು ತೆಗೆದ ಭೂಮಿಯ ಚಿತ್ರ, ಜನರು ತಾವಾಗಿಯೇ ಲೋಕದ ಮುಂದಿಟ್ಟ ಭಾವಚಿತ್ರ ಮತ್ತು ಮಾತು, ಇವೆಲ್ಲವೂ ಅದರೊಳಗೆ ಸೇರಿವೆ. ಇವನ್ನು ವಿಧಿಪೂರ್ವಕವಾಗಿ ಕೂಡಿಸಿ, ಒಂದರೊಡನೊಂದನ್ನು ಒರೆಹಚ್ಚಿ, ಒಂದು ಪ್ರಶ್ನೆಗೆ ಉತ್ತರವನ್ನು ಪಡೆಯುವ ವಿದ್ಯೆಗೆ ಇಂದಿನ ತನಿಖೆಗಾರರು ಓಸಿಂಟ್ ಎನ್ನುತ್ತಾರೆ. ತೆರೆದ ಮೂಲಗಳ ಶೋಧವೆಂದು ನಾವು ಕರೆಯಬಹುದು. ಈ ವಿದ್ಯೆಯ ಸಾಮರ್ಥ್ಯವನ್ನು ಕುರಿತು ಹೇಳುವವರು ಬಹಳ ಮಂದಿ ಇದ್ದಾರೆ. ಅದರ ಧರ್ಮವನ್ನು ಕುರಿತೂ ಅಷ್ಟೇ ಮಾತು ನಡೆಯಬೇಕೆಂಬುದು, ಯಾವುದು ಎಲ್ಲರ ಕಣ್ಣಿಗೆ ಬೀಳುತ್ತದೆಯೋ ಅದು ಅಷ್ಟರಿಂದಲೇ ಎಲ್ಲರ ಕೈಗೂ ಸಲ್ಲತಕ್ಕದ್ದಾಗುವುದಿಲ್ಲವೆಂಬುದು ಈ ಅಂಕಣದ ಅಭಿಪ್ರಾಯ.

ವಿದ್ಯೆಯೇನೂ ನಿನ್ನೆ ಮೊನ್ನೆಯದಲ್ಲ. ಎರಡನೆಯ ಮಹಾಯುದ್ಧದ ಆರಂಭಕಾಲದಲ್ಲಿ, 1939ರಲ್ಲಿ, ಬ್ರಿಟಿಷ್ ಆಕಾಶವಾಣಿ ಸಂಸ್ಥೆಯಾದ ಬಿಬಿಸಿಯು ಪರದೇಶಗಳ ರೇಡಿಯೋ ಪ್ರಸಾರಗಳನ್ನು ಹಗಲಿರುಳು ಆಲಿಸಿ ಬರೆದಿಡುವ ವಿಭಾಗವನ್ನು ತೆರೆಯಿತು. 1941ರಲ್ಲಿ ಅಮೆರಿಕವೂ ಅದೇ ದಾರಿಯನ್ನು ಹಿಡಿಯಿತು. ಶತ್ರುವು ಲೋಕಕ್ಕೆಲ್ಲ ಕೇಳುವಂತೆ ಆಡಿದ ಮಾತಿನಲ್ಲಿಯೇ ಅವನ ಮನಸ್ಸಿನ ಸುಳಿವಿರಬಹುದೆಂಬುದು ಅಂದಿನ ತರ್ಕ. ಅಂತರ್ಜಾಲವು ಆ ತರ್ಕವನ್ನು ಸಾಮಾನ್ಯನ ಕೈಗೆ ಕೊಟ್ಟಿತು. 2014ರ ಜುಲೈ 17ರಂದು ಪೂರ್ವ ಯುಕ್ರೇನಿನ ಆಕಾಶದಲ್ಲಿ ಮಲೇಷಿಯಾದ ಪ್ರಯಾಣಿಕ ವಿಮಾನವೊಂದು 298 ಜನರೊಡನೆ ನಾಶವಾದಾಗ, ಅದೇ ತಿಂಗಳಲ್ಲಿ ಎಲಿಯಟ್ ಹಿಗ್ಗಿನ್ಸ್ ಎಂಬ ಆಂಗ್ಲೇಯನು ಆರಂಭಿಸಿದ ಬೆಲ್ಲಿಂಗ್‌ಕ್ಯಾಟ್ ಎಂಬ ಬಳಗವು, ದಾರಿಹೋಕರು ತೆಗೆದು ಲೋಕದ ಮುಂದೆ ಇಟ್ಟಿದ್ದ ಚಿತ್ರಗಳನ್ನೇ ಕೂಡಿಸಿ, ಅದನ್ನು ಹೊಡೆದುರುಳಿಸಿದ ಕ್ಷಿಪಣಿಯನ್ನು ಹೊತ್ತ ವಾಹನವು ಸಾಗಿದ ದಾರಿಯನ್ನು ಊರೂರಾಗಿ ಗುರುತಿಸಿತು. 2022ರ ನವೆಂಬರಿನಲ್ಲಿ ನೆದರ್ಲೆಂಡಿನ ನ್ಯಾಯಾಲಯವು ಆ ಪ್ರಕರಣದಲ್ಲಿ ಮೂವರನ್ನು ದೋಷಿಗಳೆಂದು ತೀರ್ಮಾನಿಸಿತು. ಬಳಗದ ಶೋಧಕ್ಕೂ ನ್ಯಾಯಾಲಯದ ತೀರ್ಪಿಗೂ ನಡುವೆ ಎಂಟು ವರ್ಷಗಳ ವಿಧಿವತ್ತಾದ ತನಿಖೆಯೂ ವಿಚಾರಣೆಯೂ ಇದ್ದವೆಂಬುದನ್ನು ಮರೆಯಲಾಗದು.

ಅಷ್ಟು ದೂರದ ಉದಾಹರಣೆಗಿಂತ ನಮ್ಮ ನಾಡಿನ ಒಂದು ಸಂಗತಿಯು ಈ ವಿದ್ಯೆಯ ಅವಶ್ಯಕತೆಯನ್ನು ಹೆಚ್ಚು ಸ್ಪಷ್ಟವಾಗಿ, ಹೆಚ್ಚು ದುಃಖಕರವಾಗಿ ತೋರಿಸುತ್ತದೆ. 2018ರ ಜುಲೈ 13ರಂದು, ಮಹಾರಾಷ್ಟ್ರದ ಗಡಿಗೆ ಹತ್ತಿದ ಬೀದರ ಜಿಲ್ಲೆಯ ಮುರ್ಕಿ ಎಂಬ ಗ್ರಾಮದಲ್ಲಿ, ಹೈದರಾಬಾದಿನಿಂದ ಗೆಳೆಯರೊಡನೆ ಬಂದಿದ್ದ ತರುಣ ಇಂಜಿನಿಯರನೊಬ್ಬನನ್ನು ಮಕ್ಕಳ ಕಳ್ಳನೆಂದು ತಿಳಿದ ಗುಂಪು ಹೊಡೆದು ಕೊಂದಿತು. ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ಅವರ ಮೇಲಣ ಸಂಶಯಕ್ಕೆ ಕಾರಣವಾಗಿ, ಅವರ ಕಾರಿನ ದೃಶ್ಯವು ಅವರಿಗಿಂತ ಮುಂಚಿತವಾಗಿ ವಾಟ್ಸ್ಆ್ಯಪಿನಲ್ಲಿ ಓಡಿ, ಮುಂದಿನ ಊರಿನಲ್ಲಿ ರಸ್ತೆಗೆ ಅಡ್ಡಗಟ್ಟಲಾಯಿತು. ಅದೇ ವರ್ಷದ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ತರುಣನೊಬ್ಬನು ಇದೇ ಸಂಶಯಕ್ಕೆ ಬಲಿಯಾಗಿದ್ದನು.

ಆ ತಿಂಗಳುಗಳಲ್ಲಿ ದೇಶದ ಹಲವು ರಾಜ್ಯಗಳಲ್ಲಿ ಈ ಭೀತಿಯನ್ನು ಹೊತ್ತಿಸಿದ ದೃಶ್ಯವೊಂದಿತ್ತು. ಬೀದಿಯಲ್ಲಿ ಆಡುತ್ತಿದ್ದ ಮಗುವೊಂದನ್ನು ಬೈಕಿನಲ್ಲಿ ಬಂದ ಇಬ್ಬರು ಎತ್ತಿಕೊಂಡು ಹೋಗುವುದೇ ಆ ದೃಶ್ಯ. ಅದು ನಮ್ಮ ದೇಶದ್ದೇ ಆಗಿರಲಿಲ್ಲ. ಪಾಕಿಸ್ತಾನದ ಕರಾಚಿಯಲ್ಲಿ, ಕಾಣೆಯಾದ ಮಕ್ಕಳಿಗಾಗಿ ದುಡಿಯುವ ರೋಶ್ನಿ ಎಂಬ ಸಂಸ್ಥೆಯು 2016ರಲ್ಲಿ ಜನಜಾಗೃತಿಗಾಗಿ ಮಾಡಿಸಿದ ನಟಿತ ಚಿತ್ರ ಅದು. ಮೂಲಚಿತ್ರದಲ್ಲಿ ಆ ಸವಾರರು ಕ್ಷಣದೊಳಗೆ ಹಿಂದಿರುಗಿ ಮಗುವನ್ನು ಇಳಿಸಿ, ಮಕ್ಕಳ ಮೇಲೆ ಕಣ್ಣಿಡಿರೆಂಬ ಅರ್ಥದ ಫಲಕವನ್ನು ಎತ್ತಿ ಹಿಡಿಯುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದರು. ಕರುಣೆಯಿಂದ ಹುಟ್ಟಿದ ಚಿತ್ರವು ಕೊನೆಯ ಕೆಲವು ಕ್ಷಣಗಳನ್ನು ಕಳೆದುಕೊಂಡದ್ದರಿಂದಲೇ ಕೊಲೆಗೆ ಕುಮ್ಮಕ್ಕಾಯಿತು.

ಈ ಸತ್ಯವನ್ನು ಹೊರತರುವುದಕ್ಕೆ ರಹಸ್ಯವಾದ ಯಾವ ಉಪಾಯವೂ ಬೇಕಾಗಿರಲಿಲ್ಲವೆಂಬುದೇ ಮನಸ್ಸನ್ನು ಕಲಕುವ ಸಂಗತಿ. ಸತ್ಯಪರಿಶೀಲನೆಯ ಪತ್ರಕರ್ತರು ದೃಶ್ಯದಿಂದ ಒಂದೆರಡು ಚೌಕಟ್ಟುಗಳನ್ನು ಬಿಡಿಸಿ, ಚಿತ್ರದಿಂದ ಚಿತ್ರವನ್ನು ಹುಡುಕುವ ಯಂತ್ರಕ್ಕೆ ಒಪ್ಪಿಸಿ, ಹೊಂದುವ ಚಿತ್ರಗಳ ಪೈಕಿ ಅತ್ಯಂತ ಹಳೆಯದು ಯಾವುದೆಂದು ನೋಡಿದರು, ಮೂಲವು ಸಿಕ್ಕಿತು. ಅದೇ ಶೋಧವನ್ನು ಯಾವ ಹಳ್ಳಿಯ ಯಾವ ತರುಣನಾದರೂ ತನ್ನ ಮೊಬೈಲಿನಲ್ಲಿ ಮಾಡಬಹುದಿತ್ತು. ವಾಟ್ಸ್ಆ್ಯಪ್ ಸಂಸ್ಥೆಯು ಆ ಜುಲೈ ತಿಂಗಳಲ್ಲಿಯೇ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳುಹಿಸದಂತೆ ಕಟ್ಟುಹಾಕಿತು. ಆ ಕಟ್ಟು ವೇಗವನ್ನು ತಗ್ಗಿಸಬಲ್ಲುದೇ ಹೊರತು ವಿವೇಕವನ್ನು ತರಲಾರದು. ದನದ ಸಂತೆಯಲ್ಲಿ ಎತ್ತನ್ನು ಕೊಳ್ಳುವ ನಮ್ಮ ರೈತನು ಮಾರುವವನ ಮಾತಿಗೆ ತಲೆದೂಗದೆ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ಪರೀಕ್ಷಿಸುತ್ತಾನೆ. ಅಂಥ ಜಾಗರೂಕನು ಅಂಗೈಯೊಳಗೆ ಬಂದ ದೃಶ್ಯಕ್ಕೆ ಮಾತ್ರ ಹಲ್ಲು ಎಣಿಸದೆ ಬೆಲೆ ಕಟ್ಟುವುದು ನಮ್ಮ ಕಾಲದ ಒಂದು ದೊಡ್ಡ ದೌರ್ಬಲ್ಯ.

ಹಾಗಾದರೆ ಪರೀಕ್ಷೆಯ ಕ್ರಮವೇನು? ನಮ್ಮ ಸೀಮೆಯಿಂದಲೇ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಮಳೆಗಾಲದಲ್ಲಿ ಘಟಪ್ರಭೆಯು ತುಂಬಿ ಹರಿಯುವಾಗ, ಗೋಕಾಕವು ಮುಳುಗಿತೆಂದೂ ಹಿಡಕಲ್ ಜಲಾಶಯವು ಒಡೆಯಿತೆಂದೂ ಸಾರುವ ದೃಶ್ಯವೊಂದು ನಿಮ್ಮ ಕೈಸೇರಿತೆನ್ನಿ. 2019ರ ಆಗಸ್ಟಿನಲ್ಲಿ ಗೋಕಾಕದ ಪೇಟೆಬೀದಿಗಳಿಗೆ ನಿಜವಾಗಿಯೂ ನೀರು ನುಗ್ಗಿತ್ತಾದುದರಿಂದ, ಅಂದಿನ ಚಿತ್ರವನ್ನು ಇಂದಿನದೆಂದು ಹಂಚುವುದು ಬಹು ಸುಲಭ. ಹಾಗೂ ಚಿತ್ರವು ನಿಜವಾದುದರಿಂದ ನಂಬಿಕೆಯೂ ಸುಲಭ. ಮೊದಲನೆಯ ಪರೀಕ್ಷೆ ಸ್ಥಳದ್ದು. ಗೋಕಾಕ ಜಲಪಾತವೆಂದು ಹೇಳುವ ಚಿತ್ರದಲ್ಲಿ ಕುದುರೆಲಾಳದ ಆಕಾರದ ಬಂಡೆಯಂಚು, ಮೇಲಣ ತೂಗುಸೇತುವೆ, ದಡದ ಹಳೆಯ ಗಿರಣಿಯ ಕಟ್ಟಡ, ಮಹಾಲಿಂಗೇಶ್ವರನ ಗುಡಿ ಇವುಗಳಲ್ಲಿ ಯಾವುದಾದರೂ ಕಾಣಬೇಕು, ಕಂಡರೆ ಅವುಗಳ ಪರಸ್ಪರ ದಿಕ್ಕು ಉಪಗ್ರಹಚಿತ್ರದಲ್ಲಿ ಇರುವಂತೆಯೇ ಇರಬೇಕು. ಎರಡನೆಯ ಪರೀಕ್ಷೆ ಕಾಲದ್ದು. ಮಾರಾಟದ ಅಂಗಡಿಗಳ ನಾಮಫಲಕ, ಚುನಾವಣೆಯ ಭಿತ್ತಿಪತ್ರ, ಅರ್ಧ ಕಟ್ಟಿದ ಗೋಡೆ, ಇವು ವರ್ಷವನ್ನು ಹೇಳುತ್ತವೆ. ನೆರಳು ಹೊತ್ತನ್ನು ಹೇಳುತ್ತದೆ.

ನೆರಳಿನ ವಿಷಯವು ಸ್ವಲ್ಪ ನಿಂತು ಹೇಳತಕ್ಕದ್ದು. ಮೂಡಲಗಿಯು ಸಮಭಾಜಕ ವೃತ್ತಕ್ಕೆ ಹದಿನಾರು ಡಿಗ್ರಿಗಿಂತ ಸ್ವಲ್ಪ ಉತ್ತರದಲ್ಲಿದೆ. ಆದುದರಿಂದ ಮೇ ತಿಂಗಳ ಮೊದಲ ವಾರದಲ್ಲೊಮ್ಮೆ, ಆಗಸ್ಟಿನ ಮೊದಲ ವಾರದ ಸುಮಾರಿಗೆ ಇನ್ನೊಮ್ಮೆ ಸೂರ್ಯನು ಇಲ್ಲಿ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ನೆಟ್ಟ ಕಂಬಕ್ಕೆ ಆ ಮಧ್ಯಾಹ್ನ ನೆರಳೇ ಇರುವುದಿಲ್ಲ. ಇವೆರಡರ ನಡುವಣ ದಿನಗಳಲ್ಲಿ ನಡುಹಗಲಿನ ನೆರಳು ದಕ್ಷಿಣಕ್ಕೂ, ಉಳಿದ ವರ್ಷವೆಲ್ಲ ಉತ್ತರಕ್ಕೂ ಬೀಳುತ್ತದೆ. ಮಾತ್ರವಲ್ಲ, ಭಾರತದ ಗಡಿಯಾರವು ಪೂರ್ವದ ಎಂಬತ್ತೆರಡೂವರೆ ಡಿಗ್ರಿಯ ರೇಖೆಯನ್ನು ಅನುಸರಿಸುವುದರಿಂದ, ಅದಕ್ಕಿಂತ ಪಶ್ಚಿಮದಲ್ಲಿರುವ ನಮಗೆ ನಿಜವಾದ ನಡುಹಗಲು ಸುಮಾರು ಹನ್ನೆರಡೂವರೆಯ ಹೊತ್ತಿಗೆ ಬರುತ್ತದೆ. ಜೂನ್ ತಿಂಗಳದೆಂದು ಹೇಳಿದ ನಡುಹಗಲಿನ ಚಿತ್ರವೊಂದರಲ್ಲಿ ನೆರಳುಗಳು ಉತ್ತರಕ್ಕೆ ಉದ್ದವಾಗಿ ಚಾಚಿದ್ದರೆ, ಹೇಳಿದ ತಿಂಗಳೋ ಹೇಳಿದ ಊರೋ ಎರಡರಲ್ಲೊಂದು ಸುಳ್ಳು. ಸನ್‌ಕ್ಯಾಲ್ಕ್ ಎಂಬ ಸಾಧನವು ಈ ಲೆಕ್ಕವನ್ನು ಕ್ಷಣದಲ್ಲಿ ಮಾಡಿಕೊಡುತ್ತದೆ. ಆದರೆ ಲೆಕ್ಕದ ಹಿಂದಿನ ಕಾರಣವನ್ನು ಅರಿಯದೆ ಸಾಧನವನ್ನು ನಂಬುವವನು ವದಂತಿಯನ್ನು ನಂಬುವವನಿಗಿಂತ ಬಹಳ ಮೇಲೆ ನಿಂತವನಲ್ಲ.

ಮೂರನೆಯದು ಸಂಗತಿಯ ಪರೀಕ್ಷೆ. ಜಲಾಶಯವು ಒಡೆದಿದ್ದರೆ ಅದರ ನೀರಿನ ಮಟ್ಟ ಇಳಿಯಲೇಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಘಟಪ್ರಭೆಯ ಜಲಾಶಯವೂ ಸೇರಿದಂತೆ ಪ್ರಮುಖ ಜಲಾಶಯಗಳ ದಿನದ ಮಟ್ಟವನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತದೆ. ಮೋಡವನ್ನು ಭೇದಿಸಿ ನೆಲವನ್ನು ಕಾಣಬಲ್ಲ ಯುರೋಪಿನ ಸೆಂಟಿನೆಲ್ ಉಪಗ್ರಹದ ರಾಡಾರ್ ಚಿತ್ರಗಳು ಯಾರಿಗಾದರೂ ಉಚಿತವಾಗಿ ದೊರೆಯುತ್ತವೆ. ಒಂದೇ ಮೂಲದಿಂದ ನಿರ್ಣಯಕ್ಕೆ ಬರಬಾರದು, ಒಂದನ್ನೊಂದು ನಕಲು ಮಾಡದ ಎರಡು ಮೂರು ಮೂಲಗಳು ಒಂದೇ ಮಾತನ್ನು ಹೇಳಬೇಕು ಎಂಬುದು ಈ ವಿದ್ಯೆಯ ಮೂಲಸೂತ್ರ. ಐವತ್ತು ಗುಂಪುಗಳಲ್ಲಿ ಬಂದ ಒಂದೇ ಸಂದೇಶವು ಐವತ್ತು ಸಾಕ್ಷಿಗಳಾಗುವುದಿಲ್ಲ.

ಅಂತರ್ಜಾಲದ ತಾಣಗಳನ್ನು ಪರೀಕ್ಷಿಸುವ ಕ್ರಮವು ಇನ್ನೂ ಸರಳ. ಪ್ರತಿಯೊಂದು ತಾಣದ ಹೆಸರೂ ಎಲ್ಲಿಯೋ ನೋಂದಣಿಯಾಗಿರಬೇಕು. ಹೂ-ಈಸ್ ಎಂಬ ಸಾರ್ವಜನಿಕ ದಾಖಲೆಯು ಅದು ಯಾವ ದಿನ ಹುಟ್ಟಿತೆಂಬುದನ್ನು ತಿಳಿಸುತ್ತದೆ. ಯುರೋಪಿನ ಖಾಸಗಿತನದ ಕಾನೂನು ಜಾರಿಗೆ ಬಂದ 2018ರ ಮೇ ತಿಂಗಳ ತರುವಾಯ ಒಡೆಯನ ಹೆಸರು ಬಹುಮಟ್ಟಿಗೆ ಮರೆಯಾಗಿದ್ದರೂ ಹುಟ್ಟಿದ ದಿನಾಂಕವು ಇಂದಿಗೂ ಕಾಣುತ್ತದೆ. ಅನೇಕ ದಶಕಗಳ ಬ್ಯಾಂಕೆಂದು ಹೇಳಿಕೊಳ್ಳುವ ತಾಣವು ಕಳೆದ ವಾರ ಹುಟ್ಟಿದ್ದರೆ ಮುಂದಿನ ವಿಚಾರಣೆಗೆ ಆಸ್ಪದವೇ ಇಲ್ಲ. ತಾಣಗಳಿಗೆ ಕೊಡಲಾಗುವ ಭದ್ರತಾ ಪ್ರಮಾಣಪತ್ರಗಳನ್ನು ಬಹಿರಂಗ ಕಡತದಲ್ಲಿ ದಾಖಲಿಸುವ ಪದ್ಧತಿಯು ಈಗ ರೂಢಿಯಲ್ಲಿರುವುದರಿಂದ, ಒಬ್ಬ ವಂಚಕನು ಒಂದೇ ಹೆಸರನ್ನು ಸ್ವಲ್ಪ ಸ್ವಲ್ಪ ಬದಲಿಸಿ ಕಟ್ಟಿದ ತಾಣಗಳನ್ನು ಒಟ್ಟಿಗೆ ಕಾಣಬಹುದು. 1996ರಲ್ಲಿ ಬ್ರೂಸ್ಟರ್ ಕೇಲ್ ಸ್ಥಾಪಿಸಿದ ಇಂಟರ್ನೆಟ್ ಆರ್ಕೈವ್ ಎಂಬ ಸಂಗ್ರಹಾಲಯದಲ್ಲಿ ಅಳಿಸಿಹೋದ ಪುಟಗಳ ಹಳೆಯ ಪ್ರತಿಗಳಿವೆ. ಸಂಶಯದ ಕೊಂಡಿಯನ್ನು ತಾನು ಒತ್ತದೆ ವೈರಸ್‌ಟೋಟಲ್‌ನಂಥ ಪರೀಕ್ಷಾಕೇಂದ್ರಕ್ಕೆ ಒಪ್ಪಿಸಿ ಕೇಳಬಹುದು. ಭಾರತೀಯ ರಿಸರ್ವ್ ಬ್ಯಾಂಕು ದೇಶದ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ಬ್ಯಾಂಕ್-ಡಾಟ್-ಇನ್ ಎಂದು ಮುಗಿಯುವ ವಿಳಾಸಕ್ಕೆ ಸೇರಬೇಕೆಂದು ವಿಧಿಸಿದುದು ಸಾಮಾನ್ಯನಿಗೆ ದೊರೆತ ದೊಡ್ಡ ಉಪಕಾರ. ಸ್ಥಳೀಯ ಜ್ಞಾನವೂ ತೆರೆದ ಮೂಲವೇ ಎಂಬುದನ್ನು ಇಲ್ಲಿ ಸೇರಿಸಬೇಕು: ಹುಕ್ಕೇರಿ ತಾಲೂಕಿಗೆ ವಿದ್ಯುತ್ತನ್ನು ಹಂಚುವುದು 1969ರಿಂದ ಅಲ್ಲಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೆಂದು ಬಲ್ಲವನು, ಬಾಕಿ ತುಂಬದಿದ್ದರೆ ಇಂದು ರಾತ್ರಿಯೇ ಕರೆಂಟು ಕಡಿಯುತ್ತೇವೆಂದು ಬೇರೊಂದು ಕಂಪನಿಯ ಹೆಸರಿನಲ್ಲಿ ಬಂದ ಸಂದೇಶದ ಸುಳ್ಳನ್ನು ಯಾವ ಯಂತ್ರದ ನೆರವೂ ಇಲ್ಲದೆ ಕಂಡುಹಿಡಿಯುತ್ತಾನೆ.

ಈ ಜ್ಞಾನವು ಜೀವವನ್ನು ಉಳಿಸಬಲ್ಲ ಪ್ರಸಂಗಗಳೂ ಇವೆ. 2025ರ ಮಾರ್ಚ್ 27ರಂದು ನಮ್ಮದೇ ಜಿಲ್ಲೆಯ ಖಾನಾಪುರ ತಾಲೂಕಿನ ಬೀಡಿ ಗ್ರಾಮದಲ್ಲಿ, ಎಂಬತ್ತರ ಆಸುಪಾಸಿನ ವೃದ್ಧ ದಂಪತಿಗಳು ಪ್ರಾಣವನ್ನು ಕಳೆದುಕೊಂಡರು. ದೂರಸಂಪರ್ಕ ಇಲಾಖೆಯವರೆಂದೂ ಅಪರಾಧ ವಿಭಾಗದವರೆಂದೂ ಹೇಳಿಕೊಂಡು ಕರೆ ಮಾಡಿದವರು, ನಿಮ್ಮ ಹೆಸರಿನ ಸಿಮ್ ಕಾರ್ಡು ದುರುಪಯೋಗವಾಗಿದೆಯೆಂದು ಹೆದರಿಸಿ, ಅವರಿಂದ ಐವತ್ತು ಲಕ್ಷ ರೂಪಾಯಿಗಳಿಗೂ ಮಿಕ್ಕ ಹಣವನ್ನು ಹೀರಿದ್ದರು. ಬಾಳಿನ ಸಂಜೆಯಲ್ಲಿ ಮಾನಕ್ಕೆ ಅಂಜಿದ ಆ ಎರಡು ಜೀವಗಳನ್ನು ನೆನೆದಾಗ, ಈ ಅಂಕಣದ ಯಾವ ವಾಕ್ಯವೂ ಕೇವಲ ತಂತ್ರಜ್ಞಾನದ ಮಾತಾಗಿ ಉಳಿಯುವುದಿಲ್ಲ. ಇಂಥ ಕರೆಗಾರರು ಹೆದರಿಸಲು ಹೇಳುವ ಡಿಜಿಟಲ್ ಅರೆಸ್ಟ್ ಎಂಬ ಕ್ರಮವು ಭಾರತದ ಯಾವ ಕಾನೂನಿನಲ್ಲಿಯೂ ಇಲ್ಲ. ತನ್ನ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆಯೆಂದು ಯಾವ ನಾಗರಿಕನೂ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ತಾನೇ ನೋಡಿಕೊಳ್ಳಬಹುದು. ಇವೆರಡು ಸಂಗತಿಗಳೂ ಬಯಲಿನಲ್ಲಿಯೇ ಇದ್ದವು. ಅವನ್ನು ಆ ಮನೆಯ ಹೊಸ್ತಿಲವರೆಗೆ ಒಯ್ಯುವವರು ಇರಲಿಲ್ಲ. ಹಳ್ಳಿಯಲ್ಲಿ ಓದಿದ ತರುಣರು ಇರುವುದು ಯಾತಕ್ಕೆಂದು ನಾನು ಆಗಾಗ ಕೇಳಿಕೊಳ್ಳುವ ಪ್ರಶ್ನೆಗೆ ಇದೊಂದು ಉತ್ತರವೆಂದು ನನಗೆ ತೋರುತ್ತದೆ.

ಇನ್ನು ಈ ವಿದ್ಯೆಯ ಕತ್ತಲೆಯ ಪಾರ್ಶ್ವ. ಕರೆ ಮಾಡುವ ವಂಚಕನಿಗೆ ನಿಮ್ಮ ಹೆಸರು, ವಯಸ್ಸು, ಮಗನು ದುಡಿಯುವ ಊರು ಇವೆಲ್ಲ ಮೊದಲೇ ಹೇಗೆ ಗೊತ್ತಿರುತ್ತವೆ? ಬಹಳ ಮಟ್ಟಿಗೆ ಅವನೂ ತೆರೆದ ಮೂಲಗಳ ಶೋಧವನ್ನೇ ಮಾಡಿರುತ್ತಾನೆ. 2000ದ ಸುಮಾರಿನಿಂದ ಕರ್ನಾಟಕ ಸರ್ಕಾರವು ಭೂಮಿ ಯೋಜನೆಯ ಮೂಲಕ ಸುಮಾರು 2 ಕೋಟಿ ಜಮೀನು ದಾಖಲೆಗಳನ್ನು ಗಣಕೀಕರಿಸಿ, ತಲಾಠಿಯ ದಯೆಗೆ ಕಾಯುತ್ತಿದ್ದ ರೈತನನ್ನು ಬಿಡುಗಡೆ ಮಾಡಿತು. ಅದು ನಿಜವಾಗಿಯೂ ಜನೋಪಕಾರಿಯಾದ ಕಾರ್ಯ. ಇಂದು ಸರ್ವೇ ನಂಬರು ಬಲ್ಲ ಯಾರಾದರೂ ಆ ಹೊಲದ ಉತಾರವನ್ನು ನೋಡಬಹುದು. ಮತದಾರರ ಪಟ್ಟಿಯು ಬಹಿರಂಗ. ಮೊಮ್ಮಗನ ಹುಟ್ಟುಹಬ್ಬದ ಚಿತ್ರವು ಫೇಸ್‌ಬುಕ್ಕಿನಲ್ಲಿ ಬಹಿರಂಗ. ಒಂದೊಂದಾಗಿ ನೋಡಿದರೆ ಇವುಗಳಲ್ಲಿ ಯಾವುದೂ ಗುಟ್ಟಲ್ಲ. ಆದರೆ ಎಲ್ಲವನ್ನೂ ಒಂದೆಡೆ ಕೂಡಿಸಿದಾಗ, ಇಂಥ ಊರಿನ ಇಂಥ ಓಣಿಯ ಈ ಮುದುಕನಿಗೆ ಇಷ್ಟು ಎಕರೆ ಹೊಲವಿದೆ, ಮಕ್ಕಳು ಪರಊರಿನಲ್ಲಿದ್ದಾರೆ, ಮನೆಯಲ್ಲಿ ಇಬ್ಬರೇ ಇದ್ದಾರೆ ಎಂಬ ಚಿತ್ರವು ಮೂಡುತ್ತದೆ. ಆ ಚಿತ್ರವನ್ನು ಬಹಿರಂಗಪಡಿಸಲು ಯಾರೂ ಎಂದೂ ಒಪ್ಪಿರಲಿಲ್ಲ. ಬಿಡಿಬಿಡಿಯಾದ ಸತ್ಯಗಳ ಕೂಡಿಕೆಯಿಂದಲೇ ಹೊಸದೊಂದು ಅಪಾಯವು ಹುಟ್ಟುವುದೆಂಬುದನ್ನು ತನಿಖೆಗಾರನು ಮೊದಲ ದಿನವೇ ಅರಿಯಬೇಕು, ಏಕೆಂದರೆ ವಂಚಕನ ಕೈಯಲ್ಲಿರುವ ಉಪಕರಣವೇ ಅವನ ಕೈಯಲ್ಲಿಯೂ ಇದೆ.

ಮಾನ್ಯ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದ ತೀರ್ಪು, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರನ್ನು ಹೊತ್ತಿದೆಯೆಂಬುದು ಕನ್ನಡಿಗರು ಅಭಿಮಾನದಿಂದ ಸ್ಮರಿಸತಕ್ಕ ಸಂಗತಿ. ತರುವಾಯ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ವ್ಯಕ್ತಿಯು ತಾನಾಗಿ ಸಾರ್ವಜನಿಕಗೊಳಿಸಿದ ವಿವರಗಳನ್ನು ತನ್ನ ಆಳ್ವಿಕೆಯಿಂದ ಹೊರಗಿಟ್ಟಿದೆ. ಅದರಿಂದ ಎಲ್ಲಕ್ಕೂ ಅನುಮತಿ ದೊರೆಯಿತೆಂದು ಭಾವಿಸುವವರು ಬೇರೆ ಕಾನೂನುಗಳನ್ನೂ ಓದಬೇಕು. ಮಾಹಿತಿ ತಂತ್ರಜ್ಞಾನ ಕಾಯಿದೆಯ 43 ಮತ್ತು 66ನೆಯ ಕಲಮುಗಳ ಪ್ರಕಾರ ಒಡೆಯನ ಒಪ್ಪಿಗೆಯಿಲ್ಲದೆ ದುರುದ್ದೇಶದಿಂದ ಮತ್ತೊಬ್ಬನ ಗಣಕವ್ಯವಸ್ಥೆಯೊಳಗೆ ಪ್ರವೇಶಿಸುವುದು ಮೂರು ವರ್ಷಗಳ ಸೆರೆಗೂ ಗುರಿಮಾಡಬಲ್ಲ ಅಪರಾಧ. ಬಾಗಿಲಿಗೆ ದುರ್ಬಲವಾದ ಗುಪ್ತಪದವಿತ್ತೆಂಬುದು ಒಳನುಗ್ಗುವುದಕ್ಕೆ ಒಪ್ಪಿಗೆಯಾಗುವುದಿಲ್ಲ. ಶೋಡಾನ್ ಎಂಬ ಹುಡುಕುಯಂತ್ರದಲ್ಲಿ ಲೋಕದ ಎಷ್ಟೋ ಕ್ಯಾಮೆರಾಗಳೂ ಕಾರ್ಖಾನೆಯ ಯಂತ್ರಗಳೂ ಅಂತರ್ಜಾಲಕ್ಕೆ ತೆರೆದುಕೊಂಡಿರುವುದು ಕಾಣುತ್ತದೆ. ಅವು ತೆರೆದಿವೆಯೆಂದು ಪಟ್ಟಿಯಲ್ಲಿ ನೋಡುವುದು ಒಂದು. ಒಳಹೊಕ್ಕು ಯಾರದೋ ಅಂಗಳವನ್ನು ನೋಡುತ್ತ ಕೂಡುವುದು ಇನ್ನೊಂದು. ಇಂಥ ಬಿರುಕನ್ನು ಕಂಡ ಧರ್ಮಿಷ್ಠ ಶೋಧಕನು ಒಡೆಯನಿಗೂ, 2004ರಿಂದ ಕಾರ್ಯಮಾಡುತ್ತಿರುವ ಸರ್ಟ್-ಇನ್ ಎಂಬ ರಾಷ್ಟ್ರೀಯ ಸಂಸ್ಥೆಗೂ ತಿಳಿಸಿ, ಅದು ಮುಚ್ಚುವವರೆಗೆ ಬಾಯಿಬಿಡದಿರುತ್ತಾನೆ. ಕದ್ದು ಹರಿಯಬಿಟ್ಟ ದತ್ತಾಂಶವು ಎಷ್ಟು ಜನರ ಕೈಯಲ್ಲಿ ಹರಿದಾಡಿದರೂ ಕದ್ದ ಮಾಲೇ. ತನ್ನ ಗುಪ್ತಪದವು ಅಂಥ ಸೋರಿಕೆಯೊಳಗಿದೆಯೇ ಎಂದು ಟ್ರಾಯ್ ಹಂಟ್ 2013ರಲ್ಲಿ ಆರಂಭಿಸಿದ ತಾಣದಲ್ಲಿ ಪರೀಕ್ಷಿಸಿಕೊಳ್ಳುವುದು ವಿವೇಕ. ನೆರೆಯವನ ಗುಪ್ತಪದವನ್ನು ಆ ರಾಶಿಯಲ್ಲಿ ಕೆದಕುವುದು ಕಳವಿನಲ್ಲಿ ಪಾಲು.

ಹೆಣ್ಣುಮಕ್ಕಳ ವಿಷಯದಲ್ಲಿ ಕಾನೂನು ಇನ್ನೂ ಖಚಿತವಾಗಿ ಮಾತನಾಡಿದೆ. ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮು, ಒಬ್ಬ ಸ್ತ್ರೀಯ ಅಂತರ್ಜಾಲದ ಬಳಕೆಯ ಮೇಲೆ ಕಣ್ಣಿಟ್ಟು ಹಿಂಬಾಲಿಸುವುದನ್ನೇ ಅಪರಾಧವೆಂದು ಎಣಿಸುತ್ತದೆ. ಅಪರಾಧವನ್ನು ಪತ್ತೆಹಚ್ಚುವ ಉದ್ದೇಶವಿತ್ತೆಂದು ಹೇಳಿ ಪಾರಾಗುವ ಅವಕಾಶವು, ಸರ್ಕಾರವು ಯಾರಿಗೆ ಆ ಹೊಣೆಯನ್ನು ಒಪ್ಪಿಸಿದೆಯೋ ಅವರಿಗೆ ಉಂಟು. ಮದುವೆಯ ಮಾತುಕತೆಗೆ ಮುಂಚೆ ಹುಡುಗಿಯ ಖಾತೆಗಳನ್ನೆಲ್ಲ ಜಾಲಾಡಿ ನೋಡುವ ಬಂಧುಗಳು ತಾವು ಮಾಡುತ್ತಿರುವುದು ವಿಚಾರಣೆಯೆಂದು ತಿಳಿದಿರಬಹುದು. ಅವರಿಗೆ ಈ ಕಲಮನ್ನು ಯಾರಾದರೂ ಓದಿ ಹೇಳುವುದು ಒಳಿತು.

ಶೋಧಕನ ಅವಸರವು ಏನನ್ನು ಮಾಡಬಲ್ಲುದೆಂಬುದಕ್ಕೆ ಅಮೆರಿಕದ ಬಾಸ್ಟನ್ ನಗರದ ಪ್ರಸಂಗವನ್ನು ಹೇಳಬೇಕು. 2013ರ ಏಪ್ರಿಲ್ 15ರಂದು ಅಲ್ಲಿಯ ಓಟದ ಸ್ಪರ್ಧೆಯಲ್ಲಿ ಬಾಂಬುಗಳು ಸಿಡಿದ ತರುವಾಯ, ಸಾವಿರಾರು ಜನ ಹವ್ಯಾಸಿಗಳು ಪ್ರಕಟವಾದ ಚಿತ್ರಗಳನ್ನು ತಡಕಿ ಅಪರಾಧಿಯನ್ನು ತಾವೇ ಹಿಡಿಯುವ ಉತ್ಸಾಹದಲ್ಲಿ, ಅದಕ್ಕೂ ಒಂದು ತಿಂಗಳು ಮುಂಚೆ ಕಾಣೆಯಾಗಿದ್ದ ಭಾರತೀಯ ಮೂಲದ ವಿದ್ಯಾರ್ಥಿಯೊಬ್ಬನ ಹೆಸರನ್ನು ಲೋಕಕ್ಕೆಲ್ಲ ಸಾರಿಬಿಟ್ಟರು. ಮಗನನ್ನು ಹುಡುಕುತ್ತಿದ್ದ ಆ ಮನೆಯವರ ಮೇಲೆ ಬೈಗಳ ಮಳೆ ಸುರಿಯಿತು. ಅವನು ನಿರಪರಾಧಿ, ಕೆಲವು ದಿನಗಳ ಮೇಲೆ ಅವನ ದೇಹವು ನದಿಯಲ್ಲಿ ದೊರೆಯಿತು. ಮುರ್ಕಿಯಲ್ಲಿ ಪರೀಕ್ಷಿಸದೆ ನಂಬಿದವರು ಕೊಂದರು. ಬಾಸ್ಟನ್ನಿನಲ್ಲಿ ಪರೀಕ್ಷಿಸಿದೆವೆಂದು ನಂಬಿದವರು ಕಳಂಕ ಹಚ್ಚಿದರು. ಎರಡನೆಯ ಅನ್ಯಾಯವು ವಿದ್ಯಾವಂತರಿಂದ ಆಗತಕ್ಕದ್ದಾದುದರಿಂದ ಅದನ್ನು ನಾನು ಹೆಚ್ಚು ಭಯದಿಂದ ನೋಡುತ್ತೇನೆ. ಮುಖಸಾಮ್ಯವು ಗುರುತಲ್ಲ, ಒಂದೇ ಹೆಸರಿನ ಎರಡು ಖಾತೆಗಳು ಒಬ್ಬನೇ ಮನುಷ್ಯನೆಂಬುದಕ್ಕೆ ಪ್ರಮಾಣವಲ್ಲ. ಒಂದು ಮೊಬೈಲು ಸಂಖ್ಯೆಯ ಹಿಂದೆ, ತನ್ನ ಖಾತೆಯನ್ನೋ ಸಿಮ್ಮನ್ನೋ ಅರಿಯದೆ ಮಾರಿಕೊಂಡ ಬಡವನೊಬ್ಬನಿರಬಹುದು. ಆದುದರಿಂದ ಖಾಸಗಿ ಶೋಧಕನು ಸಂಗತಿಯನ್ನು ಬರೆಯಬಹುದು, ಸಂಶಯವನ್ನು ಅಧಿಕಾರಿಗೆ ತಿಳಿಸಬಹುದು, ಆದರೆ ಹೆಸರನ್ನು ಬೀದಿಯಲ್ಲಿ ಕೂಗಬಾರದು. ಬರ್ಕ್ಲಿಯ ವಿಶ್ವವಿದ್ಯಾಲಯವೂ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯೂ ಕೂಡಿ 2020ರಲ್ಲಿ ಹೊರತಂದ ನಿಯಮಾವಳಿಯಲ್ಲಿ, ಶೋಧಕನು ಯಾರಿಗೂ ಕೇಡಾಗದಂತೆ ನಡೆಯಬೇಕೆಂಬ ತತ್ತ್ವವು ಶೋಧದ ಕ್ರಮದೊಡನೆಯೇ ಕಟ್ಟಿ ಬಂದಿದೆ.

ಸಾಕ್ಷ್ಯವನ್ನು ಕಾಯ್ದಿಡುವ ಬಗೆಯನ್ನು ಹೇಳದೆ ಈ ವಿಷಯವು ಪೂರ್ತಿಯಾಗುವುದಿಲ್ಲ. ಕಂಡವರು ಅನೇಕರು, ಕಾಯ್ದಿಟ್ಟವರು ವಿರಳರಾದುದರಿಂದಲೇ ಎಷ್ಟೋ ಫಿರ್ಯಾದುಗಳು ಬಿದ್ದುಹೋಗುತ್ತವೆ. ಪುಟದ ಚಿತ್ರವನ್ನು ತೆಗೆಯುವಾಗ ಅದರ ಪೂರ್ಣ ವಿಳಾಸವೂ ದಿನಾಂಕವೂ ಗಂಟೆಯೂ ಅದರೊಳಗೆ ಕಾಣುವಂತಿರಬೇಕು. ಮೂಲಕಡತವನ್ನು ತಿದ್ದದೆ, ಕತ್ತರಿಸದೆ, ವಾಟ್ಸ್ಆ್ಯಪಿನಲ್ಲಿ ಮತ್ತೆ ಕಳುಹಿಸದೆ ಇಡಬೇಕು, ಏಕೆಂದರೆ ಹಾಗೆ ಕಳುಹಿಸಿದ ಚಿತ್ರದಿಂದ ಅದನ್ನು ತೆಗೆದ ಸ್ಥಳಕಾಲಗಳ ಒಳವಿವರಗಳು ಅಳಿಸಿಹೋಗುತ್ತವೆ. ಪ್ರತಿಯೊಂದು ಕಡತಕ್ಕೂ ಗಣಿತದಿಂದ ಒಂದು ಮುದ್ರೆಯನ್ನು ತೆಗೆಯಬಹುದು. ಹ್ಯಾಶ್ ಎಂದು ಕರೆಯಲಾಗುವ ಆ ಮುದ್ರೆಯು, ಶಾ-256 ಎಂಬ ಪದ್ಧತಿಯಲ್ಲಿ 64 ಅಕ್ಷರಾಂಕಗಳ ಸಾಲಾಗಿದ್ದು, ಕಡತದಲ್ಲಿ ಒಂದೇ ಒಂದು ಚುಕ್ಕೆ ಬದಲಾದರೂ ಸಂಪೂರ್ಣ ಬೇರೆಯಾಗುತ್ತದೆ. ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಹಾಜರುಪಡಿಸುವುದಕ್ಕೆ ಕಾನೂನಿನ ಪ್ರಮಾಣಪತ್ರವು ಅಗತ್ಯವೆಂದು ಸರ್ವೋಚ್ಚ ನ್ಯಾಯಾಲಯವು 2020ರ ಜುಲೈ 14ರ ತೀರ್ಪಿನಲ್ಲಿ ಎತ್ತಿ ಹಿಡಿಯಿತು. ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರದ ನಮೂನೆಯಲ್ಲಿಯೇ ಆ ಮುದ್ರೆಯನ್ನು ಬರೆಯುವ ಸ್ಥಾನವಿದ್ದು, ಒಂದು ಭಾಗಕ್ಕೆ ದಾಖಲೆಯನ್ನು ತಂದವರು, ಇನ್ನೊಂದಕ್ಕೆ ತಜ್ಞರು ಸಹಿ ಮಾಡಬೇಕು.

2001ರಲ್ಲಿ ದೇಶಕ್ಕೇ ಮೊದಲನೆಯದೆನಿಸಿದ ಸೈಬರ್ ಅಪರಾಧ ಠಾಣೆಯನ್ನು ತೆರೆದ ರಾಜ್ಯ ನಮ್ಮದು. ಅಂದು ಇಡೀ ಕರ್ನಾಟಕಕ್ಕೆ ಬೆಂಗಳೂರಿನ ಆ ಒಂದೇ ಠಾಣೆಯಿತ್ತು; ಇಂದು ಸೈಬರ್, ಆರ್ಥಿಕ ಹಾಗೂ ಮಾದಕದ್ರವ್ಯ ಅಪರಾಧಗಳಿಗಾಗಿ ಜಿಲ್ಲೆಗೊಂದು ಸಿಇಎನ್ ಠಾಣೆಯಿದೆ. ಸಿಐಡಿ ಕಚೇರಿಯಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ನಡೆಯುವ ತರಬೇತಿ ಹಾಗೂ ಸಂಶೋಧನಾ ಕೇಂದ್ರದಲ್ಲಿ ಪೊಲೀಸರೂ ನ್ಯಾಯಾಧಿಕಾರಿಗಳೂ ಈ ವಿದ್ಯೆಯನ್ನು ಕಲಿಯುತ್ತಿದ್ದಾರೆ. ಆದರೆ ಅಂಥ ಶಿಕ್ಷಣವು ತಾಲೂಕಿನ ಕಾಲೇಜುಗಳಿಗೆ ಇಳಿದುಬರುವುದು ಇನ್ನೂ ಬಾಕಿಯಿದೆ. ಮೂಡಲಗಿಯ, ಗೋಕಾಕದ, ಸಂಕೇಶ್ವರದ ಪದವಿ ತರಗತಿಗಳಲ್ಲಿ, ಗ್ರಾಮದ ಗ್ರಂಥಾಲಯಗಳಲ್ಲಿ, ವಾರಕ್ಕೊಂದು ಸಂಜೆ ಚಿತ್ರಪರೀಕ್ಷೆ, ತಾಣಪರೀಕ್ಷೆ ಹಾಗೂ ಇವುಗಳ ಕಾನೂನಿನ ಎಲ್ಲೆಗಳನ್ನು ಕನ್ನಡದಲ್ಲಿ ಕಲಿಸುವುದು ಅಸಾಧ್ಯವಾದ ಕೆಲಸವಲ್ಲ. ಬೇಕಾದ ಸಾಧನಗಳು ಬಹುಪಾಲು ಉಚಿತ, ಬೇಕಾದ ದೃಷ್ಟಾಂತಗಳು ದಿನವೂ ನಮ್ಮ ಮೊಬೈಲಿಗೇ ಬರುತ್ತಿವೆ. ಅದು ಆಗುವವರೆಗೆ, ಮೋಸ ಹೋದವರು ಮರುಗಳಿಗೆಯಲ್ಲಿಯೇ 1930 ಎಂಬ ಸಹಾಯವಾಣಿಗೆ ಕರೆ ಮಾಡಬೇಕು. ಹಣವು ಖಾತೆಯಿಂದ ಖಾತೆಗೆ ದಾಟಿಹೋಗುವ ಮುನ್ನ ಅದನ್ನು ತಡೆಹಿಡಿಯುವ ವ್ಯವಸ್ಥೆಯು ಆ ಸಂಖ್ಯೆಯ ಹಿಂದಿದೆ. ಆಮೇಲೆ ಬೆಳಗಾವಿಯ ಸಿಇಎನ್ ಠಾಣೆಗೋ ಹತ್ತಿರದ ಯಾವುದೇ ಠಾಣೆಗೋ ಹೋಗುವಾಗ, ಬಂದ ಸಂದೇಶಗಳನ್ನೂ ಕರೆಗಳ ಪಟ್ಟಿಯನ್ನೂ ಅಳಿಸದೆ ಅದೇ ಮೊಬೈಲನ್ನು, ಬ್ಯಾಂಕಿನ ಪಾಸ್‌ಬುಕ್ಕನ್ನು, ನಡೆದುದನ್ನು ಗಂಟೆಯ ಕ್ರಮದಲ್ಲಿ ಬರೆದ ಒಂದು ಹಾಳೆಯನ್ನು ಜೊತೆಗೆ ಒಯ್ಯಬೇಕು.